ಒಪ್ಪತ್ತಿನ ಗಡಿಯಾರ

ಪಾಳಾ, ತಾ. ಮುಂಡಗೋಡ
೧೪ ಏಪ್ರಿಲ್ ೨೦೨೫

ಶ್ರೀ ಕಾಶೀಮಸಾಬ ಅವರಿಗೆ,
ವಾಚ್ ರಿಪೇರಿ, ಬಂಗೂರನಗರ, ದಾಂಡೇಲಿ

ಶರಣಾರ್ಥಿ.

ನಿಮಗೆ ಬಹಳ ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಆಮೇಲೆ ಪರಿಚಯದವರೊಬ್ಬರು ನಿಮ್ಮ ಅಂಗಡಿಯ ಬೋರ್ಡಿನ ಫೋಟೋ ಕಳಿಸಿದರು. "ಕಿವಿ ಮಂದ. ಫೋನ್ ಮಾಡಬೇಡಿ. ಕಾಗದ ಬರೆಯಿರಿ." ಈ ಕಾಲದಲ್ಲಿ ಇಂಥ ಬೋರ್ಡು ತೂಗುಹಾಕಿದವರು ಒಂದೋ ಬಹಳ ಒಳ್ಳೆಯ ಕೆಲಸಗಾರರಿರಬೇಕು, ಇಲ್ಲವೇ ಗಿರಾಕಿಗಳೇ ಬೇಡವಾದವರಿರಬೇಕು. ಮೊದಲನೆಯದೇ ಇರಲಿ ಎಂದುಕೊಂಡು ಬರೆಯುತ್ತಿದ್ದೇನೆ.

ನಾನು ಇಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಪಾರ್ಸಲ್ಲಿನಲ್ಲಿರುವುದು ನಮ್ಮ ತಂದೆ ಅಡಿವೆಯ್ಯನವರ ಕೈಗಡಿಯಾರ. ಅವರು ಜನವರಿಯಲ್ಲಿ ಲಿಂಗೈಕ್ಯರಾದರು. ಗಡಿಯಾರ ಯಾವ ಕಂಪನಿಯದೋ ಗೊತ್ತಿಲ್ಲ. ಹರೆಯದಲ್ಲಿ ಗೋವಾ ಗಡಿಯ ರಾಮನಗರದ ಸಂತೆಯಲ್ಲಿ ಕೊಂಡದ್ದಂತೆ, "ಗೋವಾದ ಮಾಲು" ಎನ್ನುತ್ತಿದ್ದರು. ಮುಂಡಗೋಡದಲ್ಲಿ ಬ್ಯಾಟರಿ ಹಾಕುವವರು ಇದನ್ನು ತಿರುಗಿಸಿ ನೋಡಿ, "ಚಾವಿ ಗಡಿಯಾರಕ್ಕ ದಾಂಡೇಲಿಗೇ ಹೋಗ್ರಿ" ಎಂದು ಕೈ ತೊಳೆದುಕೊಂಡರು.

ಅವಸರ ಯಾಕೆಂದು ಹೇಳಿಬಿಡುತ್ತೇನೆ. ಅಪ್ಪ ಹೋದ ಸ್ವಲ್ಪ ದಿನಕ್ಕೆ ಗಡಿಯಾರ ನಿಂತಿತು. ನಮ್ಮ ಅವ್ವ ಮುದಕವ್ವ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. "ಅವರ ಕೈಯಾಗ ಒಂದ ದಿನಾ ನಿಲ್ಲಲಿಲ್ಲ, ನನ್ನ ಕೈಗೆ ಬಂದ ಮ್ಯಾಲ ನಿಂತೈತಿ. ಅವರಿಗೆ ನನ್ನ ಮ್ಯಾಲ ಸಿಟ್ಟ ಐತಿ. ಅದು ನಡಿಯೂತನಕಾ ನನಗ ಒಪ್ಪತ್ತ" ಎಂದು ರಾತ್ರಿ ಊಟ ಬಿಟ್ಟಿದ್ದಾಳೆ. ಅವಳಿಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿ ಖಾಲಿ ಹೊಟ್ಟೆಯಲ್ಲಿ ಮಲಗುತ್ತಾಳೆ. ಡಾಕ್ಟರು ಅವಳಿಗೆ ಹೇಳಿ ಸೋತು ಈಗ ನನ್ನನ್ನು ಬೈಯುತ್ತಿದ್ದಾರೆ.

ಒಂದು ವಿನಂತಿ. ಉತ್ತರವನ್ನು ಗಿರಣಿಯ ವಿಳಾಸಕ್ಕೆ ಹಾಕಿ, ಮನೆಗೆ ಬೇಡ. ದಾಂಡೇಲಿಯ ಹೆಸರು ಕೇಳಿದರೆ ಅವ್ವ ಸಿಡಿಯುತ್ತಾಳೆ. ಗಡಿಯಾರ ಹುಬ್ಬಳ್ಳಿಗೆ ಹೋಗಿದೆ ಎಂದು ಹೇಳಿದ್ದೇನೆ. ಅದು ಅಪ್ಪನ ಕಾಲದ ಜಗಳ, ಇಲ್ಲಿ ಬರೆಯುವಂಥದ್ದಲ್ಲ.

ನಿಮ್ಮ
ಶರಣಬಸವ


ದಾಂಡೇಲಿ
೨೮ ಏಪ್ರಿಲ್ ೨೦೨೫

ಶರಣಬಸವ ಅವರೇ,

ನಮಸ್ಕಾರ. ಬೋರ್ಡಿನ ಬಗ್ಗೆ ನೀವು ಬರೆದದ್ದು ಓದಿದೆ. ಎರಡೂ ನಿಜ.

ನಿಮ್ಮ ಗಡಿಯಾರದ ಹಿಂದಿನ ಮುಚ್ಚಳ ತೆಗೆದೆ. ಮಷೀನಿನ ತುಂಬ ಬಿಳಿ ಪುಡಿ, ಅದರ ಮೇಲೆ ಕೆಂಪು ಪುಡಿ, ಎರಡೂ ಎಣ್ಣೆಯಲ್ಲಿ ಕಲಸಿ ಮುದ್ದೆಯಾಗಿ ಕೂತಿವೆ. ಹಿಟ್ಟಿನ ಗಿರಣಿ ನಡೆಸುತ್ತೇನೆ ಎಂದು ನೀವೇ ಬರೆದಿದ್ದೀರಿ. ಮೆಣಸಿನಕಾಯಿಯನ್ನೂ ಕುಟ್ಟಿಕೊಡುತ್ತೀರಿ ಅಂತ ಕಾಣುತ್ತದೆ. ಹಾಗಿದ್ದರೆ ಇಂಥ ಗಡಿಯಾರವನ್ನು ಕೈಗೆ ಕಟ್ಟಿಕೊಂಡು ಗಿರಣಿಯ ಮುಂದೆ ಯಾಕೆ ನಿಲ್ಲುತ್ತೀರಿ? ಇದು ಖಾರದ ಡಬ್ಬಿಯಲ್ಲ.

ಡಯಲ್ಲಿನ ಮೇಲೆ ಹೆಸರು ಅಳಿಸಿದೆ. ಕೊನೆಯಲ್ಲಿ "ಫಿಲ್ಯೋಸ್" ಎಂಬಂಥ ಅಕ್ಷರಗಳು ಉಳಿದಿವೆ. ಹಳೆಯ ಕಂಪನಿಗಳ ಪುಸ್ತಕಗಳು ನನ್ನಲ್ಲಿವೆ, ಒಂದರಲ್ಲೂ ಈ ಹೆಸರಿಲ್ಲ. ಯಾರು ಮಾಡಿದ್ದು ಎಂದು ತಿಳಿಯದೆ ಇದಕ್ಕೆ ಹೊಂದುವ ಸಾಮಾನು ಹುಡುಕಲಾಗುವುದಿಲ್ಲ. ಬ್ಯಾಲೆನ್ಸ್ ಚಕ್ರದ ಕಡ್ಡಿ ಸವೆದಿದೆ. ತಡವಾಗುತ್ತದೆ.

ನಿಮ್ಮ ತಾಯಿಯವರ ವಿಷಯ ಓದಿ ಬೇಸರವಾಯಿತು. ಆದರೆ ಅವಸರ ಮಾಡಿದರೆ ಚಕ್ರ ತಿರುಗುವುದಿಲ್ಲ.

ಒಂದು ಪ್ರಶ್ನೆ. ಇದನ್ನು ಹಿಂದೆ ರಿಪೇರಿ ಮಾಡಿದವರು ಯಾರು? ನಿಮ್ಮ ತಂದೆ ಯಾವಾಗಲಾದರೂ ಹೇಳಿದ್ದುಂಟೇ? ಯೋಚಿಸಿ ಬರೆಯಿರಿ. ಕೂಲಿಯ ಮಾತು ಬೇಡ.

ಕಾಶೀಮ


ಪಾಳಾ
೬ ಮೇ ೨೦೨೫

ಕಾಶೀಮಸಾಬ ಅವರಿಗೆ,

ಶರಣು. ಕಾಗದ ಓದಿ ಸಿಟ್ಟು ಬಂತು, ಅದನ್ನು ಮೊದಲು ಹೇಳುತ್ತೇನೆ. ಆ ಗಡಿಯಾರ ಒಂದು ದಿನವೂ ಗಿರಣಿಯ ಹೊಸ್ತಿಲು ದಾಟಿಲ್ಲ. ನಾನು ಅದನ್ನು ಕಟ್ಟಿಕೊಂಡವನೂ ಅಲ್ಲ. ಅಪ್ಪನದನ್ನು ಕಟ್ಟಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ಮನೆಯಲ್ಲಿ ಎಲ್ಲಕ್ಕಿಂತ ಭದ್ರವಾದ ಜಾಗದಲ್ಲಿ ಅವ್ವ ಅದನ್ನು ಇಟ್ಟಿದ್ದಾಳೆ. ಮಕ್ಕಳು ಮುಟ್ಟುವಂತಿಲ್ಲ, ನನ್ನ ಹೆಂಡತಿಯೂ ಮುಟ್ಟುವಂತಿಲ್ಲ. ಹಿಟ್ಟು ಖಾರ ಎಲ್ಲಿಂದ ಬಂದವೋ ನಿಮ್ಮ ಟೇಬಲ್ಲನ್ನೇ ಒಮ್ಮೆ ಒರೆಸಿ ನೋಡಿ.

ಹಿಂದೆ ರಿಪೇರಿ ಮಾಡಿದವರು ಯಾರೂ ಇಲ್ಲ. ಅಪ್ಪನ ಕೈಯಲ್ಲಿ ಅದು ಯಾವತ್ತೂ ಕೆಟ್ಟಿರಲಿಲ್ಲ. ಇದನ್ನು ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಪಂಚಾಯ್ತಿಯ ಗೋಡೆ ಗಡಿಯಾರವನ್ನು ಅಪ್ಪನ ಕೈ ನೋಡಿಯೇ ಸರಿ ಮಾಡುತ್ತಿದ್ದರು.

ಅವ್ವ ದಿನಾ ಕೇಳುತ್ತಾಳೆ, "ಹುಬ್ಬಳ್ಳಿಯಿಂದ ಬಂತೇನೋ?" ನಾನು ದಿನಾ ಸುಳ್ಳು ಹೇಳುತ್ತೇನೆ. ಬೇಗ ಮಾಡಿಕೊಡಿ.

ಶರಣಬಸವ


ದಾಂಡೇಲಿ
೩೦ ಮೇ ೨೦೨೫

ಶರಣಬಸವ ಅವರೇ,

ಗಡಿಯಾರ ನಡೆಯುತ್ತಿದೆ. ಪಾರ್ಸಲ್ ಮಾಡಿದ್ದೇನೆ.

"ಫಿಲ್ಯೋಸ್" ಎಂಬ ಕಂಪನಿಯನ್ನು ಹುಡುಕಿ ಹುಡುಕಿ ನನ್ನ ತಲೆ ಕೆಟ್ಟಿತ್ತು. ಹೋದ ವಾರ ಕ್ಯಾಸಲ್‌ರಾಕ್‌ಗೆ ಹೋಗಿದ್ದೆ. ಅಲ್ಲಿ ಅಂಕುಶ ಎಂಬ ನಿವೃತ್ತ ರೈಲ್ವೆ ನೌಕರರಿದ್ದಾರೆ, ಹಳೆಯ ಗಡಿಯಾರಗಳ ಹುಚ್ಚು, ಪೋರ್ಚುಗೀಸ್ ಕೂಡ ಓದಬಲ್ಲರು. ಡಯಲ್ ನೋಡಿದ್ದೇ ನಕ್ಕುಬಿಟ್ಟರು. "ಇದು ಮಾಡಿದವರ ಹೆಸರಲ್ಲ ಹೋ, ಮಾರಿದವರ ಹೆಸರು. ಫಿಲ್ಯೋಸ್ ಅಂದ್ರ ಗಂಡುಮಕ್ಕಳು. ಲೊರೆನ್ಸು ಮತ್ತು ಮಕ್ಕಳು, ಮಡಗಾಂವದ ಅಂಗಡಿ." ಆ ಕಾಲದಲ್ಲಿ ಅಂಗಡಿಯವರು ಸ್ವಿಸ್ ಮಷೀನು ತರಿಸಿ, ಡಯಲ್ಲಿನ ಮೇಲೆ ತಮ್ಮ ಹೆಸರು ಹೊಡೆಸಿಕೊಳ್ಳುತ್ತಿದ್ದರಂತೆ. ಮಾಡಿದವರ ಗುರುತು ಬೇಕಾದರೆ ಬ್ಯಾಲೆನ್ಸ್ ಚಕ್ರ ಎತ್ತಿ ಅಡಿಯಲ್ಲಿ ನೋಡು ಎಂದರು. ಎತ್ತಿ ನೋಡಿದೆ. ಸಾಸಿವೆಯಷ್ಟು ಚಿಕ್ಕ ಗುರುತು ಅಲ್ಲೇ ಇತ್ತು. ಅದೇ ಗುರುತಿನ ಒಂದು ಸತ್ತ ಗಡಿಯಾರ ನನ್ನ ಡಬ್ಬಿಯಲ್ಲಿತ್ತು. ಅದರ ಕಡ್ಡಿ ಇದಕ್ಕೆ ಕೂತಿತು.

ಟೇಬಲ್ ಒರೆಸಿದ್ದೇನೆ. ಹಿಟ್ಟು ನಿಮ್ಮದೇ.

ನಿಮ್ಮ ತಾಯಿಯವರು ಇವತ್ತೇ ಊಟ ಮಾಡಲಿ.

ಕಾಶೀಮ


ಪಾಳಾ
೨೦ ಜೂನ್ ೨೦೨೫

ಕಾಶೀಮಸಾಬ ಅವರಿಗೆ,

ಗಡಿಯಾರ ಬಂದ ದಿನ ಅವ್ವ ಅದನ್ನು ಕಿವಿಗೆ ಹಿಡಿದು ಕೇಳಿದಳು. ರಾತ್ರಿ ಎರಡು ರೊಟ್ಟಿ, ಹಾಲು ಅನ್ನ ಉಂಡಳು. ನನ್ನ ಹೆಂಡತಿ ಸುನಂದಾ ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡಳು. ನಿಮಗೆ ಮನಸ್ಸಿನಲ್ಲೇ ಕೈ ಮುಗಿದೆ.

ವಾರ ತುಂಬುವುದರೊಳಗೆ ನಿಂತಿತು.

ಈಗ ಪರಿಸ್ಥಿತಿ ಮೊದಲಿಗಿಂತ ಕೆಟ್ಟಿದೆ. "ಎರಡನೇ ಸಲ ನಿಂತೈತಿ ಅಂದ ಮ್ಯಾಲ ಖರೇನ ಸಿಟ್ಟ ಐತಿ ಅವರಿಗೆ" ಎನ್ನುತ್ತಾಳೆ. ಸಂಜೆ ಚಹಾ ಕೂಡ ಬಿಟ್ಟಿದ್ದಾಳೆ. ಸಾಸಿವೆಯಷ್ಟು ಗುರುತು ಹುಡುಕಲು ಕ್ಯಾಸಲ್‌ರಾಕ್‌ವರೆಗೆ ಹೋಗುವ ನೀವು ಗಡಿಯಾರ ಒಂದು ತಿಂಗಳು ನಡೆಯುವಂತೆ ಮಾಡಲಾರಿರಾ? ನನಗೆ ಅದು ಸ್ವಿಸ್ ಆದರೂ ಅಷ್ಟೇ, ಸವಣೂರಿನದಾದರೂ ಅಷ್ಟೇ. ನಡೆಯಬೇಕು.

ಮತ್ತೆ ಕಳಿಸಿದ್ದೇನೆ.

ಶರಣಬಸವ


ದಾಂಡೇಲಿ
೫ ಜುಲೈ ೨೦೨೫

ಶರಣಬಸವ ಅವರೇ,

ಮತ್ತೆ ಬಿಳಿ. ಮತ್ತೆ ಕೆಂಪು. ಈ ಸಲ ನೀರೂ ಇದೆ. ನಾನು ಹೊಸದಾಗಿ ಕೂರಿಸಿದ ಕಡ್ಡಿಗೆ ತುಕ್ಕು ಹಿಡಿದಿದೆ. ನಿಮ್ಮ ಮನೆಯಲ್ಲಿ ಯಾರೋ ಇದನ್ನು ಕಟ್ಟಿಕೊಂಡು ಗಿರಣಿಗೆ ಹೋಗುತ್ತಾರೆ, ಕಟ್ಟಿಕೊಂಡೇ ಸ್ನಾನಕ್ಕೂ ಇಳಿಯುತ್ತಾರೆ. ಯಾರೂ ಮುಟ್ಟುವುದಿಲ್ಲ ಎಂದು ನನಗೆ ಬರೆಯುತ್ತೀರಿ. ನನಗೆ ಕಿವಿ ಮಂದ, ಬುದ್ಧಿ ಮಂದವಲ್ಲ.

ಇದು ಹಳೆಯ ಕಾಲದ ಕೇಸು, ನೀರು ತಡೆಯುವಂಥದ್ದಲ್ಲ. ಆದರೂ ಮುಚ್ಚಳದ ಸುತ್ತ ರಬ್ಬರ್ ಬಳೆ ಕೂರಿಸಿದ್ದೇನೆ. ಎಲ್ಲ ಬಿಚ್ಚಿ, ತೊಳೆದು, ಒಣಗಿಸಿ, ಮತ್ತೆ ಜೋಡಿಸಿದ್ದೇನೆ. ಬೇರೆ ಯಾರದಾದರೂ ಆಗಿದ್ದರೆ ವಾಪಸ್ ಬಿಸಾಕುತ್ತಿದ್ದೆ. ಇದನ್ನು ಬಿಸಾಕಲಾರೆ. ಯಾಕೆಂದು ಕೇಳಬೇಡಿ.

ದಯವಿಟ್ಟು ಒಣಗಿದ ಜಾಗದಲ್ಲಿಡಿ.

ಕಾಶೀಮ


ಪಾಳಾ
೨ ಆಗಸ್ಟ್ ೨೦೨೫

ಕಾಶೀಮಸಾಬ ಅವರಿಗೆ,

ಪಂಚಮಿ ಹಬ್ಬದ ದಿನ ನಿಂತಿತು. ಮನೆ ತುಂಬ ಉಂಡಿ ಕಟ್ಟಿಟ್ಟಿದ್ದರು. ಅವ್ವ ಒಂದೂ ಮುಟ್ಟಲಿಲ್ಲ. ಹಬ್ಬದ ದಿನವೇ ನಿಂತಿತಲ್ಲ ಎಂದು ಗೋಡೆಗೆ ಮುಖ ಮಾಡಿ ಮಲಗಿದಳು.

ಸ್ನಾನಕ್ಕೆ ಕಟ್ಟಿಕೊಂಡು ಇಳಿಯುತ್ತೇವೆ, ಸುಳ್ಳು ಹೇಳುತ್ತೇವೆ ಎಂದು ಬರೆದಿದ್ದೀರಿ. ನಮ್ಮ ಮನೆಗೆ ಬಂದು ನೋಡಿದವರ ಹಾಗೆ ಬರೆಯಬೇಡಿ. ನಿಮ್ಮ ಕೆಲಸ ಬಾಳದಿದ್ದರೆ ಗಿರಾಕಿಯ ತಪ್ಪು, ಅಲ್ಲವೇ? ನಾನು ಹಾಗೆ ನಡೆಸಿದ್ದರೆ ನನ್ನ ಗಿರಣಿ ಎಂದೋ ಮುಚ್ಚುತ್ತಿತ್ತು. ನಿಮಗೆ ಕಿವಿಯಷ್ಟೇ ಅಲ್ಲ, ಕೈಯೂ ಮಂದ.

ಗಡಿಯಾರ ಕಳಿಸಿದ್ದೇನೆ, ಇದು ಕೊನೆಯ ಸಲ. ಆಗದಿದ್ದರೆ ಆಗುವುದಿಲ್ಲ ಎಂದು ಬರೆದು ಹಾಗೇ ವಾಪಸ್ ಕಳಿಸಿ. ಹುಬ್ಬಳ್ಳಿಗೆ ನಿಜವಾಗಿಯೂ ಒಯ್ಯುತ್ತೇನೆ.

ಶರಣಬಸವ


ದಾಂಡೇಲಿ
೧೧ ಆಗಸ್ಟ್ ೨೦೨೫

ಶರಣಬಸವ,

ವಾಪಸ್ ಕಳಿಸುವುದಿಲ್ಲ. ಬಿಳಿ, ಕೆಂಪು, ನೀರು ಮೂರೂ ಮತ್ತೆ ಇವೆ. ಅವು ಎಲ್ಲಿಂದ ಬರುತ್ತವೆ ಎಂದು ಬರೆಯುವವರೆಗೆ ಗಡಿಯಾರ ನನ್ನ ಡ್ರಾದಲ್ಲಿರುತ್ತದೆ. ಪೊಲೀಸರಿಗೆ ಹೇಳುವುದಿದ್ದರೆ ಹೇಳಿ. ಅವರಿಗೂ ಕಾಗದದಲ್ಲೇ ಉತ್ತರ ಕೊಡುತ್ತೇನೆ.

ಕಾಶೀಮ


ಪಾಳಾ
೧ ಸೆಪ್ಟೆಂಬರ್ ೨೦೨೫

ಕಾಶೀಮಣ್ಣಾರಿಗೆ,

ಶರಣು. ಹೋದ ಕಾಗದದ ಮಾತುಗಳನ್ನು ಮರೆತುಬಿಡಿ.

ಅವ್ವ ಬೆಳಗಿನ ಜಾವ ಹಿತ್ತಲಲ್ಲಿ ತಲೆ ತಿರುಗಿ ಬಿದ್ದಳು. ಸಕ್ಕರೆ ತೀರ ಇಳಿದಿತ್ತು. ಮುಂಡಗೋಡದ ಆಸ್ಪತ್ರೆಯಲ್ಲಿ ಸಲೈನ್ ಬಾಟಲಿ ಹಚ್ಚಿ ಉಳಿಸಿಕೊಂಡೆವು. ಮನೆಗೆ ಕರೆತಂದ ಮರುದಿನ, ಮೇಲೇಳಬೇಡ ಅಂದರೂ ಕೇಳದೆ, ಮಿಂದು ಪೂಜೆಗೆ ಕೂತಳು. ನಾನು ಹಿಂದೆಯೇ ನಿಂತಿದ್ದೆ, ಬಿದ್ದರೆ ಹಿಡಿಯೋಣ ಎಂದು.

ನಮ್ಮಲ್ಲಿ ಜಗಲಿ ಎಂದರೆ ದೇವರ ಜಾಗ. ಅವ್ವ ಮೊದಲು ತನ್ನ ಲಿಂಗಪೂಜೆ ಮುಗಿಸಿದಳು. ಆಮೇಲೆ ಜಗಲಿಯ ಬಲಮೂಲೆಗೆ ತಿರುಗಿ ಬೆರಳಿನಿಂದ ನೀರು ಚಿಮುಕಿಸಿದಳು, ಮೂರು ಬೆರಳು ವಿಭೂತಿ ಎಳೆದಳು, ಕುಂಕುಮ ಇಟ್ಟಳು, ಒಂದು ಹೂವು ಏರಿಸಿದಳು. ಅಲ್ಲಿ ಏನೂ ಇರಲಿಲ್ಲ, ಬರೀ ಹಲಗೆ. ಅದು ಗಡಿಯಾರ ಇಡುವ ಜಾಗ.

ನಿಮ್ಮ ಕಾಗದ ನೆನಪಾಯಿತು. ಬಿಳಿ, ಕೆಂಪು, ನೀರು.

ನಾನು ಸುಳ್ಳು ಹೇಳಿರಲಿಲ್ಲ ಅಣ್ಣಾ. ಅಪ್ಪ ಹೋದಾಗಿನಿಂದ ಇದನ್ನು ದಿನಾ ನೋಡಿದ್ದೇನೆ. ಪೂಜೆ ಮಾಡುವುದು ಎಂದರೆ ಮುಟ್ಟುವುದು ಎಂದು ನನಗೆ ಹೊಳೆಯಲೇ ಇಲ್ಲ. ಅಪ್ಪ ಇದ್ದಾಗ ಗಡಿಯಾರಕ್ಕೆ ಪೂಜೆ ವರ್ಷಕ್ಕೊಮ್ಮೆ ಮಾತ್ರ, ದಸರೆಯ ಖಂಡೇ ಪೂಜೆಯ ದಿನ. ಕುಡುಗೋಲು, ತಕ್ಕಡಿ, ಗಿರಣಿಯ ಕಲ್ಲು, ಅಪ್ಪನ ಗಡಿಯಾರ, ಎಲ್ಲವನ್ನೂ ಅವ್ವ ತೊಳೆದು ಸಾಲಾಗಿಟ್ಟು ವಿಭೂತಿ ಹಚ್ಚುತ್ತಿದ್ದಳು.

ಈಗ ಏನು ಮಾಡಲಿ? ನಿನ್ನ ಪೂಜೆಯಿಂದಲೇ ಗಡಿಯಾರ ನಿಲ್ಲುತ್ತದೆ ಎಂದು ಹೇಳಿದರೆ ಅವಳು ಮಧ್ಯಾಹ್ನದ ಊಟವನ್ನೂ ಬಿಡುತ್ತಾಳೆ. ಹೇಳದಿದ್ದರೆ ಗಡಿಯಾರ ನಿಲ್ಲುತ್ತಲೇ ಇರುತ್ತದೆ, ಅವಳು ಬೀಳುತ್ತಲೇ ಇರುತ್ತಾಳೆ. ನನಗೆ ದಿಕ್ಕೇ ತೋಚುತ್ತಿಲ್ಲ. ನೀರು ಒಳಗೆ ಹೋಗದಂತೆ ಏನಾದರೂ ಮಾಡಿ.

ನಿಮ್ಮ
ಶರಣಬಸವ


ದಾಂಡೇಲಿ
೮ ಸೆಪ್ಟೆಂಬರ್ ೨೦೨೫

ತಮ್ಮಾ ಶರಣಬಸವ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ನಾನು ಮೊದಲ ದಿನದಿಂದ ಮುಚ್ಚಿಟ್ಟಿದ್ದನ್ನು ಈಗ ಹೇಳಬೇಕು.

ನಮ್ಮ ಕಸುಬಿನವರು ಗಡಿಯಾರ ರಿಪೇರಿ ಮಾಡಿದಾಗ ಮುಚ್ಚಳದ ಒಳಗೆ ಸೂಜಿಯಿಂದ ತಮ್ಮ ಅಕ್ಷರ, ತಿಂಗಳು, ವರ್ಷ ಕೊರೆಯುತ್ತಾರೆ. ಗಿರಾಕಿಗೆ ಕಾಣುವುದಿಲ್ಲ, ಮುಂದೆ ಬಿಚ್ಚುವವನಿಗೆ ಕಾಣುತ್ತದೆ. ನಿಮ್ಮ ತಂದೆಯ ಗಡಿಯಾರದ ಮುಚ್ಚಳ ಅಂಥ ಗೀರುಗಳಿಂದ ತುಂಬಿಹೋಗಿದೆ. ಎಲ್ಲ ಒಬ್ಬರದೇ ಕೈ. ನನ್ನ ಅಪ್ಪ ದಾವಲಸಾಬರದು.

ಹೋದ ಡಿಸೆಂಬರಿನಲ್ಲಿ ಅಪ್ಪ ತೀರಿಕೊಂಡರು. ನಾನು ಹುಬ್ಬಳ್ಳಿಯ ದೊಡ್ಡ ಅಂಗಡಿಯೊಂದರಲ್ಲಿದ್ದವನು, ಬಂದು ಈ ಕುರ್ಚಿಯಲ್ಲಿ ಕೂತೆ. ಊರೆಲ್ಲ ಅಪ್ಪನ ಕೈಯನ್ನು ಹೊಗಳುತ್ತದೆ. ನಿಮ್ಮ ಗಡಿಯಾರ ಬಿಚ್ಚಿದಾಗ ನನಗೆ ಕಂಡದ್ದು ಬೇರೆ. ಒಂದೇ ಗಡಿಯಾರ ಪ್ರತಿ ವರ್ಷ ತಪ್ಪದೆ ರಿಪೇರಿಗೆ ಬಂದಿದೆ. ಅಂದರೆ ಅಪ್ಪನಿಗೆ ಕೆಲಸ ಬರುತ್ತಿರಲಿಲ್ಲ, ಇಲ್ಲವೇ ಹಳ್ಳಿಯ ಸಾದಾ ಮನುಷ್ಯನೊಬ್ಬನನ್ನು ವರ್ಷಾ ವರ್ಷಾ ಸುಲಿದಿದ್ದಾರೆ ಎಂದುಕೊಂಡೆ. ನಾಚಿಕೆಯಿಂದ ಸತ್ತಂತಾಯಿತು. ಅದಕ್ಕೇ ಕೂಲಿ ಬೇಡ ಅಂದೆ, ಅದಕ್ಕೇ ಬಿಸಾಕಲಾರೆ ಅಂದೆ. ಅಪ್ಪನ ಮೇಲಿನ ಸಿಟ್ಟನ್ನೆಲ್ಲ ನಿಮ್ಮ ಮೇಲೆ ತೀರಿಸಿದೆ.

ನೀವು ಖಂಡೇ ಪೂಜೆ ಎಂದು ಬರೆದಿರಿ. ಮುಚ್ಚಳ ತೆಗೆದು ಮತ್ತೆ ನೋಡಿದೆ. ಪ್ರತಿ ಗೀರಿನ ತಿಂಗಳೂ ಅಕ್ಟೋಬರ್.

ಆಗ ನೆನಪಾಯಿತು. ನಾನು ಶಾಲೆಗೆ ಹೋಗುವಾಗ, ದಸರೆ ಮುಗಿದ ಮೇಲೆ ಒಬ್ಬರು ಬರುತ್ತಿದ್ದರು. ಹಣೆ ತುಂಬ ವಿಭೂತಿ, ಬಿಳಿ ಟೊಪ್ಪಿಗೆ. ಅಪ್ಪ ಗಡಿಯಾರ ತೊಳೆದು ಒಣಗಿಸಿ ಜೋಡಿಸುವವರೆಗೆ ದಿನವಿಡೀ ಅಂಗಡಿಯ ಮರದ ಬಾಕಿನ ಮೇಲೆ ಕೂತಿರುತ್ತಿದ್ದರು. ಮಧ್ಯಾಹ್ನ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಅಪ್ಪನಿಗೂ ಕೊಡುತ್ತಿದ್ದರು. ನನಗೂ ಒಂದು ತುಂಡು ಸಿಗುತ್ತಿತ್ತು. ಒಮ್ಮೆ ಅಪ್ಪ ಕುಂಕುಮವನ್ನು ಕುಂಚದಿಂದ ಕೊಡವುತ್ತ, "ಅಯ್ಯಾರ, ಮನ್ಯಾಗ ಒಂದ ಮಾತ ಹೇಳಿಬಿಡ್ರಲ್ಲ, ಗಡಿಯಾರಕ್ಕ ನೀರ ಹಾಕಬ್ಯಾಡ ಅಂತ" ಅಂದರು. ಅವರು ಹೇಳಿದ್ದು ನನಗೆ ಇವತ್ತಿಗೂ ಕೇಳುತ್ತದೆ, ಆಗ ಕಿವಿ ಚೆನ್ನಾಗಿತ್ತು. "ಅಕಿ ಭಾಳ ಪ್ರೀತಿಲೆ ಮಾಡ್ತಾಳ ದಾವಲಸಾಬ. ನಾ ಹೆಂಗ ಹೇಳ್ಲಿ?"

ಅವರು ಯಾರೆಂದು ಈಗ ತಿಳಿಯಿತು. ಅಪ್ಪನ ಕೈ ಎಂಥದೆಂದೂ ತಿಳಿಯಿತು.

ಗಡಿಯಾರ ಕಳಿಸಿದ್ದೇನೆ. ನೀರು ತಡೆಯುವಂತೆ ಮಾಡಲು ನನ್ನಿಂದ ಆಗುವುದಿಲ್ಲ. ಯಾರಿಂದಲೂ ಆಗುವುದಿಲ್ಲ. ಮುಚ್ಚಳದ ಗೀರುಗಳಲ್ಲಿ ಸ್ವಲ್ಪ ಕುಂಕುಮ ಉಳಿದಿದೆ, ಉಜ್ಜಿದರೆ ಅಕ್ಷರವೂ ಹೋಗುತ್ತದೆ ಎಂದು ಬಿಟ್ಟಿದ್ದೇನೆ. ತಾಯಿಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು. ಆ ಇಬ್ಬರೂ ಹೇಳದೆ ಹೋದರು.

ನಿಮ್ಮ
ಕಾಶೀಮ


ಪಾಳಾ
೧೭ ಸೆಪ್ಟೆಂಬರ್ ೨೦೨೫

ಕಾಶೀಮಣ್ಣಾರಿಗೆ ಶರಣು.

ಹೇಳಲೋ ಬೇಡವೋ ಎಂದು ಕಾಗದವನ್ನು ಗಿರಣಿಯಲ್ಲೇ ಬಹಳ ಹೊತ್ತು ಇಟ್ಟುಕೊಂಡಿದ್ದೆ. ಕೊನೆಗೆ ಮನೆಗೆ ಒಯ್ದು, ಅವ್ವನ ಮುಂದೆ ಕೂತು, ದಾಂಡೇಲಿ ಎಂಬ ಹೆಸರಿನ ಸಮೇತ ಓದಿದೆ. ಅವಳು ಗಡಿಯಾರದ ಮುಚ್ಚಳ ತೆಗೆಸಿ ಬೆರಳಿನಿಂದ ಸವರಿ ನೋಡಿದಳು. ಆಮೇಲೆ "ನಾ ಹೇಳಿದಂಗ ಬರಿ" ಎಂದಳು. ಅವಳು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ:

"ಕಾಶೀಮಾ, ನೀ ಎಷ್ಟ ದೊಡ್ಡಾವನೋ ಗೊತ್ತಿಲ್ಲ, 'ನೀ' ಅಂತ ಅ‌ನ್ನಾಕತ್ತೇನಿ, ಸಿಟ್ಟಾಗಬ್ಯಾಡಪಾ. ದಸರಾ ಮುಗದ ಮ್ಯಾಲ ವರ್ಷಾ ಒಂದ ದಿನಾ ಅವರು ದಾಂಡೇಲಿಗೆ ಹೋಗತಿದ್ರು. ಯಾಕ ಅಂದ್ರ ಹೇಳತಿದ್ದಿಲ್ಲ. ನಾ ಬ್ಯಾರೇನ ತಿಳಕೊಂಡೆ. ಅಲ್ಲಿ ಯಾರೋ ಅದಾರ ಅಂತ ತಿಳಕೊಂಡೆ. ಅವತ್ತ ರಾತ್ರಿ ಅವರು ಬಂದು ಕೈಕಾಲ ತೊಳಕೊಂಡು ಕುಂತ್ರ ನಾ ತಾಟ ಹಾಕತಿದ್ದಿಲ್ಲ. ಒಲಿ ಆರಿಸಿ ಮಕ್ಕೋತಿದ್ದೆ. ಪ್ರತಿ ವರ್ಷಾ ಹಂಗ. ಅವರು ನೀರ ಕುಡದು ಮಲಗತಿದ್ರು. ನಿನ್ನ ಪೂಜಾದಿಂದ ಗಡಿಯಾರ ಕೆಟ್ಟೈತಿ ಅಂತ ಒಂದ ಸಲ ಅಂದಿದ್ರ ನನ್ನ ಸಿಟ್ಟೂ ಇಳಿತಿತ್ತು, ಅವರ ಹೊಟ್ಟಿನೂ ತುಂಬತಿತ್ತು. ಅನಲಿಲ್ಲ ನೋಡು ಆ ಮನಷ್ಯಾ. ಇಷ್ಟ ದಿನಾ ಅವರಿಗೆ ನನ್ನ ಮ್ಯಾಲ ಸಿಟ್ಟ ಐತಿ ಅಂದ್ಕೊಂಡಿದ್ದೆ. ಈಗ ನನಗ ಅವರ ಮ್ಯಾಲ ಸಿಟ್ಟ ಬರಾಕತ್ತೈತಿ.

"ಇನ್ನ ದಿನಾ ನೀರ ಹಾಕೂದಿಲ್ಲ. ಖಂಡೇ ಪೂಜಾ ಮಾತ್ರ ಬಿಡೂದಿಲ್ಲ. ಕೆಟ್ರ ಕೆಡ್ಲಿ. ನಾನ ತಗೊಂಡು ದಾಂಡೇಲಿಗೆ ಬರ್ತೇನಿ, ಆ ಬಾಕಿನ ಮ್ಯಾಲ ಕುಂಡ್ರತೇನಿ. ರೊಟ್ಟಿ, ಶೇಂಗಾ ಚಟ್ನಿ ತರ್ತೇನಿ. ನಿಮ್ಮಪ್ಪನ ಅಕ್ಷರದ ಬಾಜೂಕ ನಿನ್ನ ಅಕ್ಷರ ಕೊರಿ."

ಅವ್ವ ಬರೆಸಿದ್ದು ಇಷ್ಟು.

ನಿನ್ನೆ ರಾತ್ರಿ ಅವಳೇ ಅಡಿಗೆಮನೆಗೆ ಹೋಗಿ ಎರಡು ತಾಟು ಹಾಕಿದಳು. ಒಂದು ನನಗೆ ಎಂದು ಕೂರಲು ಹೋದೆ. "ಅದು ನಿಂದಲ್ಲ, ಏಳು" ಎಂದಳು. ಜಗಲಿಯಿಂದ ಗಡಿಯಾರ ತಂದು ಆ ತಾಟಿನ ಪಕ್ಕದಲ್ಲಿಟ್ಟಳು. ರೊಟ್ಟಿಯ ಮೇಲೆ ಬೆಣ್ಣೆ ಹಾಕಿ, "ಉಣ್ರಿ ಇನ್ನ, ಭಾಳ ರಾತ್ರಿದ್ದು ಬಾಕಿ ಐತಿ" ಎಂದು ಅದಕ್ಕೆ ಹೇಳಿ, ತಾನೂ ಊಟಕ್ಕೆ ಕೂತಳು.

ನಿಮ್ಮ ತಮ್ಮ
ಶರಣಬಸವ